ಕೃಷ್ಣಾ ದಂಡೆಯ ಧ್ಯಾನ ಪರಂಪರೆಗಳು: ಐಗಳಿ ಸೀಮೆಯಲ್ಲಿ ಮನಸ್ಸು ಪಳಗಿಸಿದ ಬಗೆ

ಐಗಳಿ ಅಥಣಿ ತಾಲೂಕಿನ ಊರು. ಅದರ ಸುತ್ತಣ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲೂಕುಗಳ ಸೀಮೆಯಲ್ಲಿ ಮನಸ್ಸನ್ನು ಪಳಗಿಸುವ ಮೂರು ಸಾಧನಾಕ್ರಮಗಳು ಬೆಳೆದು ಬಂದಿವೆ. ಜೈನರ ಧಾರಣೆ ಒಳಗಣ್ಣಿನಲ್ಲಿ ಚಿತ್ರ ಕಟ್ಟುವುದನ್ನು ಕಲಿಸಿತು. ಲಿಂಗಾಯತರ ಶಿವಯೋಗ ನೋಟವನ್ನು ಅಂಗೈಯ ಮೇಲೆ ನಿಲ್ಲಿಸಿತು. ಇಂಚಗೇರಿ ಸಂಪ್ರದಾಯ ನಾಮವನ್ನು ಉಸಿರಿಗೆ ಕೂಡಿಸಿತು. ಮೂರರ ದೇವರು ಬೇರೆ, ಶಾಸ್ತ್ರ ಬೇರೆ, ಮಠ ಬೇರೆ. ಆದರೂ ಮೂರೂ ಮನೆಮಠ, ಹೊಲಗದ್ದೆ ಇದ್ದವರಿಗೂ ಸಾಧನೆಯ ದಾರಿ ತೆರೆದಿಟ್ಟವು. ಪಳಗಿದ ಮನಸ್ಸಿನಿಂದ ಪವಾಡ ಮಾಡುವ ಆಸೆಯನ್ನು ಮೂರೂ ಬಾಗಿಲಲ್ಲೇ ತಡೆದವು. ಇಂಗ್ಲೆಂಡಿನಲ್ಲಿ 20ನೇ ಶತಮಾನದ ನಡುವೆ ತಲೆಯೆತ್ತಿದ ವಿಕ್ಕಾ ಪಂಥ ಇದೇ ಏಕಾಗ್ರತೆ, ಇದೇ ಕಲ್ಪನಾಶಕ್ತಿಯನ್ನು ಮಾಂತ್ರಿಕ ವಿದ್ಯೆಗೆ ತಳಪಾಯ ಮಾಡಿಕೊಂಡಿತು. ಅದರ ಎದುರಿಗಿಟ್ಟು ನೋಡಿದಾಗ ಈ ಸೀಮೆಯ ಆಯ್ಕೆ ಎಷ್ಟು ಯೋಚಿಸಿ ಮಾಡಿದ್ದೆಂಬುದು ತಿಳಿಯುತ್ತದೆ.

ಮೂರರಲ್ಲಿ ಹಳೆಯದು ಜೈನರದು. ಕಾಗವಾಡದ ಬಸದಿಯ ನೆಲಮನೆಯಲ್ಲಿರುವ 1394ರ ಶಾಸನ ಯಾಪನೀಯ ಸಂಘದ ಮುನಿಗಳನ್ನು ಹೆಸರಿಸುತ್ತದೆ. ಕರ್ನಾಟಕದಲ್ಲಿ ಬಲವಾಗಿ ಬೇರೂರಿದ್ದು, ಮುಂದೆ ದಿಗಂಬರರಲ್ಲಿ ಕರಗಿಹೋದ ಆ ಸಂಘದ ಕೊನೆಯ ಕುರುಹುಗಳಲ್ಲಿ ಇದೂ ಒಂದು. ಯಾಪನೀಯರ ಇತಿಹಾಸವನ್ನು ಬೆಳಕಿಗೆ ತಂದ ವಿದ್ವಾಂಸರಲ್ಲಿ ಪ್ರಮುಖರಾದ ಆ.ನೇ. ಉಪಾಧ್ಯೆ (1906–1975) ಚಿಕ್ಕೋಡಿ ತಾಲೂಕಿನ ಸದಲಗಾದವರೇ. ಯೋಗೀಂದುವಿನ 'ಪರಮಾತ್ಮಪ್ರಕಾಶ'ವನ್ನು ಅವರು 1937ರಲ್ಲಿ ಸಂಪಾದಿಸಿ ಹೊರತಂದ ಮೇಲೆ, ಜೈನರ ಅಂತರಂಗ ಸಾಧನೆಯ ಸಾಹಿತ್ಯ ಹೊರಗಿನ ವಿದ್ವತ್ ಲೋಕದ ಗಮನಕ್ಕೂ ಬಂತು.

ಜೈನ ಗೃಹಸ್ಥರ ನಿತ್ಯದ ಅಭ್ಯಾಸ ಸಾಮಾಯಿಕ. ಒಂದು ಮುಹೂರ್ತ, ಅಂದರೆ 48 ನಿಮಿಷ, ಒಂದೆಡೆ ಕೂತು ರಾಗದ್ವೇಷಗಳಿಂದ ಮನಸ್ಸನ್ನು ಹಿಂದಕ್ಕೆಳೆದುಕೊಳ್ಳುವುದು ಇದರ ಸಾರ. ಮುಂದಿನ ಮೆಟ್ಟಿಲುಗಳನ್ನು ಶುಭಚಂದ್ರಾಚಾರ್ಯರ 'ಜ್ಞಾನಾರ್ಣವ' ವಿವರಿಸುತ್ತದೆ. ಅದರಲ್ಲಿ ಬರುವ ಪಿಂಡಸ್ಥ ಧ್ಯಾನ ಐದು ಧಾರಣೆಗಳ ಸರಪಳಿ. ಮೊದಲನೆಯದು ಪಾರ್ಥಿವೀ. ಸಾಧಕ ಕಣ್ಣು ಮುಚ್ಚಿ, ಅಲೆಯಿಲ್ಲದ, ಸದ್ದಿಲ್ಲದ ಹಾಲುಗಡಲೊಂದನ್ನು ಕಲ್ಪಿಸುತ್ತಾನೆ. ಅದರ ನಡುವೆ ಜಂಬೂದ್ವೀಪದಷ್ಟು ಅಗಲದ, ಸಾವಿರ ದಳದ ಚಿನ್ನದ ತಾವರೆ. ತಾವರೆಯ ಕರ್ಣಿಕೆಯೇ ಮೇರು ಪರ್ವತ. ಅದರ ತುದಿಯಲ್ಲಿ ಬಿಳಿಯ ಸಿಂಹಾಸನ, ಅಲ್ಲಿ ಕೂತವನು ತಾನೇ. ಈ ಚಿತ್ರ ಅಲುಗಾಡದೆ ನಿಂತ ಮೇಲೆ ಆಗ್ನೇಯೀ. ನಾಭಿಯಲ್ಲಿ ಹದಿನಾರು ದಳದ ಕಮಲ, ದಳಕ್ಕೊಂದು ಸ್ವರಾಕ್ಷರ, ನಡುವೆ ಬೀಜಾಕ್ಷರ. ಹೃದಯದಲ್ಲಿ ತಲೆಕೆಳಗಾದ ಎಂಟು ದಳದ ಇನ್ನೊಂದು ಕಮಲ. ಎಂಟು ದಳಗಳೂ ಎಂಟು ಕರ್ಮಗಳು. ಬೀಜಾಕ್ಷರದ ರೇಫದಿಂದ ಮೊದಲು ಹೊಗೆ, ಆಮೇಲೆ ಕಿಡಿ, ಕೊನೆಗೆ ಜ್ವಾಲೆ ಎದ್ದು ಮೇಲಿನ ಕಮಲವನ್ನು ಸುಡುತ್ತದೆ. ಹೊರಗಿನಿಂದ ತ್ರಿಕೋಣಾಕಾರದ ಅಗ್ನಿ ದೇಹವನ್ನೂ ಸುಟ್ಟು ಬೂದಿ ಮಾಡುತ್ತದೆ. ಮೂರನೆಯದರಲ್ಲಿ ಬಿರುಗಾಳಿ ಎದ್ದು ಬೂದಿಯನ್ನು ಹಾರಿಸಿಕೊಂಡು ಹೋಗುತ್ತದೆ, ನಾಲ್ಕನೆಯದರಲ್ಲಿ ಮಳೆ ಸುರಿದು ಉಳಿದುದನ್ನು ತೊಳೆಯುತ್ತದೆ. ಐದನೆಯ ತತ್ತ್ವರೂಪವತಿಯಲ್ಲಿ ಉಳಿಯುವುದು ಸಪ್ತಧಾತುಗಳಿಲ್ಲದ, ಹುಣ್ಣಿಮೆಯ ಚಂದ್ರನಂತೆ ನಿರ್ಮಲವಾದ ಆತ್ಮ.

ಮನಸ್ಸಿನಲ್ಲಿ ಚಿತ್ರ ಕಟ್ಟುವ ಶಿಕ್ಷಣವನ್ನು ಈ ಪಠ್ಯ ಬಹಳ ಕ್ರಮಬದ್ಧವಾಗಿ ಹೇಳುತ್ತದೆ. ಇದರಲ್ಲಿ ಗಮನಿಸಬೇಕಾದ ಜಾಣ್ಮೆಯೊಂದಿದೆ. ಮೊದಲು ಕೊಡುವುದು ನಿಶ್ಚಲವಾದ, ವಿಶಾಲವಾದ ಚಿತ್ರ. ಅದು ಗಟ್ಟಿಯಾದ ಮೇಲೆ ಸೂಕ್ಷ್ಮ ವಿವರ, ಆಮೇಲೆ ಚಲನೆ. ಕೊನೆಗೆ ಕಟ್ಟಿದ್ದನ್ನೆಲ್ಲ ಅಳಿಸಿ ಹಾಕುವುದನ್ನೂ ಕಲಿಸಲಾಗುತ್ತದೆ.

ಈ ಪರಂಪರೆಗೆ 20ನೇ ಶತಮಾನದಲ್ಲಿ ಮರುಜೀವ ಕೊಟ್ಟವರು ಇದೇ ಸೀಮೆಯ ಭೋಜ ಗ್ರಾಮದ ಒಕ್ಕಲು ಮನೆತನದ ಸಾತಗೌಡ, ಮುಂದೆ ಆಚಾರ್ಯ ಶಾಂತಿಸಾಗರರು (1872–1955). ಅವರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ಪಡೆದರು. ತೀರಾ ವಿರಳವಾಗಿದ್ದ ದಿಗಂಬರ ಮುನಿಗಳ ವಿಹಾರ ಅವರಿಂದಾಗಿ ಉತ್ತರ ಭಾರತದವರೆಗೂ ಮತ್ತೆ ಹಬ್ಬಿತು. ಧ್ಯಾನದಲ್ಲಿ ಕೂತಿದ್ದಾಗ ಅವರ ಮೈಮೇಲೆ ಹಾವು ಹರಿದ ಕಥೆಯನ್ನು ಈ ಭಾಗದ ಜೈನ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಹಾವನ್ನು ಮಂತ್ರದಿಂದ ಕಟ್ಟಿಹಾಕಿದರೆಂದು ಯಾರೂ ಹೇಳುವುದಿಲ್ಲ, ಅವರು ಅಲುಗಾಡಲಿಲ್ಲ ಎಂಬುದನ್ನಷ್ಟೇ ಹೇಳುತ್ತಾರೆ. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿಯಲ್ಲಿ ದೇಹ ಬಿಡುವವರೆಗೆ ಅದೇ ಹಾದಿಯನ್ನು ಮುಂದುವರಿಸಿದರು.

ಶಿವಯೋಗದ ಬೇರು 12ನೇ ಶತಮಾನದ ಕಲ್ಯಾಣದಲ್ಲಿದೆ. ಗುಡಿಯ ಸ್ಥಾವರಲಿಂಗವನ್ನು ಬಿಟ್ಟು ಅಂಗೈಯ ಇಷ್ಟಲಿಂಗವನ್ನು ಹಿಡಿದ ಶರಣರ ಚಳವಳಿ, ಧ್ಯಾನದ ಸಲಕರಣೆಯನ್ನು ಪ್ರತಿಯೊಬ್ಬರ ಕೊರಳಿಗೆ ಕಟ್ಟಿತು. ಹೆಣ್ಣು ಗಂಡು, ಕುಲ ಕಸುಬುಗಳ ಭೇದ ಅಲ್ಲಿರಲಿಲ್ಲ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನಿಗೆ ಲಿಂಗ ಸಿಗುವುದು ನೆಲದಡಿ ಹುದುಗಿದ್ದ ಗುಡಿಯೊಂದರಲ್ಲಿ, ಕೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ರೆಪ್ಪೆ ಮಿಟುಕಿಸದೆ ಕೂತಿದ್ದ ಅನಿಮಿಷಯ್ಯನಿಂದ. ಶಿವಯೋಗದ ತಿರುಳನ್ನು ಈ ಪ್ರಸಂಗ ಒಂದೇ ನೋಟದಲ್ಲಿ ಹಿಡಿದಿದೆ.

ಕ್ರಮ ನೋಡಲು ಸರಳ. ಸ್ನಾನ ಮಾಡಿ, ವಿಭೂತಿ ಧರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ. ಲಿಂಗದ ಮೇಲಿನ ಕಂತಿ ಎಂಬ ಲೇಪ ಕಪ್ಪಗೆ, ನುಣುಪಾಗಿ ಹೊಳೆಯುತ್ತದೆ. ಹಿಂದೆ ಇಟ್ಟ ದೀಪ ಆ ಹೊಳಪಿನಲ್ಲಿ ಸಣ್ಣ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಅರೆತೆರೆದ ಕಣ್ಣು ಅದರಲ್ಲೇ ನಿಲ್ಲಬೇಕು. ಒಳಗೆ ಪಂಚಾಕ್ಷರಿಯ ಜಪ ನಡೆಯಬೇಕು. ಹೊಸಬರಿಗೆ ಮೊದಲ ದಿನಗಳಲ್ಲಿ ಕಣ್ಣಲ್ಲಿ ನೀರು ಬರುತ್ತದೆ, ಎತ್ತಿದ ಕೈ ಸೋಲುತ್ತದೆ, ಮನಸ್ಸು ಹೊಲಕ್ಕೋ ಅಡುಗೆಮನೆಗೋ ಓಡುತ್ತದೆ. ಓಡಿದ್ದನ್ನು ಕಂಡು ಮತ್ತೆ ಚುಕ್ಕೆಗೆ ತರುವುದೇ ಅಭ್ಯಾಸ. ಕೈ, ಕಣ್ಣು, ಬಾಯಿ, ಉಸಿರು ನಾಲ್ಕಕ್ಕೂ ಒಂದೇ ಕೆಲಸ ಕೊಟ್ಟಿರುವುದರಿಂದ ಮನಸ್ಸಿಗೆ ತಪ್ಪಿಸಿಕೊಳ್ಳುವ ಸಂದು ಕಡಿಮೆ.

ಅಥಣಿಯ ಹೆಸರು ಈ ಸಾಧನೆಯೊಂದಿಗೆ ಬೆರೆತದ್ದು ಮುರುಘೇಂದ್ರ ಶಿವಯೋಗಿಗಳಿಂದ. 1836ರಲ್ಲಿ ಅದೇ ತಾಲೂಕಿನ ನದಿ ಇಂಗಳಗಾಂವದಲ್ಲಿ ಹುಟ್ಟಿದ ಅವರು ಅಥಣಿಯ ಗಚ್ಚಿನ ಮಠದಲ್ಲಿ ನೆಲೆಸಿ 1921ರಲ್ಲಿ ಲಿಂಗೈಕ್ಯರಾದರು. ಗ್ರಂಥ ಬರೆದು ಪ್ರಸಿದ್ಧರಾದವರಲ್ಲ. ಲಿಂಗಪೂಜೆ, ಮೌನ, ದಾಸೋಹಗಳಲ್ಲೇ ಅವರ ಬೋಧೆಯಿತ್ತು. ಅವರ ಪ್ರಭಾವ ಹರಡಿದ್ದು ಮನುಷ್ಯರ ಮೂಲಕ. ಅವರ ಗರಡಿಯಲ್ಲಿ ಪಳಗಿದ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯ ನಡೆಸಿದರು. ಮುರುಘೇಂದ್ರ ಶಿವಯೋಗಿಗಳನ್ನು ಬಹಳ ಗೌರವದಿಂದ ಕಂಡ ಹಾನಗಲ್ಲ ಕುಮಾರ ಸ್ವಾಮಿಗಳು (1867–1930) 1909ರಲ್ಲಿ ಬಾದಾಮಿ ಬಳಿ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಗುರು-ಶಿಷ್ಯರ ನಡುವೆ ಮಾತ್ರ ಸಾಗುತ್ತಿದ್ದ ಶಿವಯೋಗಕ್ಕೆ ಅಲ್ಲಿ ಸಾಮೂಹಿಕ ಶಿಕ್ಷಣದ ಶಿಸ್ತು ಬಂತು. ವಟುಗಳು ಸಂಸ್ಕೃತ, ವಚನ, ಯೋಗಾಸನ, ಸಂಗೀತದ ಜೊತೆಗೆ ಲಿಂಗದೃಷ್ಟಿಯನ್ನೂ ದಿನಚರಿಯ ಭಾಗವಾಗಿ ಕಲಿತರು. ಉತ್ತರ ಕರ್ನಾಟಕದ ಎಷ್ಟೋ ಮಠಗಳ ಸ್ವಾಮಿಗಳು ಅಲ್ಲಿಂದ ಬಂದವರು.

ಮೂರನೆಯ ಪರಂಪರೆಯ ಮೂಲ ಪುರುಷರು ನಿಂಬರಗಿಯ ಮಹಾರಾಜರು, ಲಿಂಗಾಯತರು. ಅವರ ಮಾತುಗಳು 'ಬೋಧಸುಧೆ' ಎಂಬ ಕನ್ನಡ ಪುಸ್ತಕದಲ್ಲಿ ಉಳಿದಿವೆ. ಅವರ ಶಿಷ್ಯರಾದ ಭಾವೂಸಾಹೇಬ ಮಹಾರಾಜರು (1843–1914) ಬ್ರಾಹ್ಮಣರು, ಈಗ ಮಹಾರಾಷ್ಟ್ರದ ಜತ್ತ ತಾಲೂಕಿಗೆ ಸೇರಿದ ಕನ್ನಡ ಊರು ಉಮದಿಯವರು. 1885ರಲ್ಲಿ ಅವರು ಇಂಚಗೇರಿಯಲ್ಲಿ ಮಠ ಕಟ್ಟಿದರು. ಜಾತಿಯ ಗೋಡೆ ದಾಟಿ ಹುಟ್ಟಿದ ಈ ಗುರುಪರಂಪರೆ ಗಡಿಯ ಗೆರೆಯನ್ನೂ ಲೆಕ್ಕಿಸದೆ ಕನ್ನಡ, ಮರಾಠಿ ಎರಡರಲ್ಲೂ ಬೆಳೆಯಿತು. ಇಲ್ಲಿ ಚಿತ್ರ ಬೇಡ, ಕೈಯಲ್ಲಿ ವಸ್ತು ಬೇಡ. ಗುರು ಕೊಟ್ಟ ನಾಮವನ್ನು ಉಸಿರಿನೊಡನೆ ಗಂಟೆಗಟ್ಟಲೆ ಸ್ಮರಿಸುವುದೇ 'ನೇಮ'. ವರ್ಷಕ್ಕೆ ಕೆಲವು ಬಾರಿ ಸಪ್ತಾಹಗಳಲ್ಲಿ ಎಲ್ಲರೂ ಕೂಡಿ ಸಾಧನೆ ಮಾಡುತ್ತಾರೆ.

ಈ ಹಾದಿಯ ಅನುಭವಗಳನ್ನು ತತ್ತ್ವಶಾಸ್ತ್ರದ ಒರೆಗೆ ಹಚ್ಚಿದವರು ಗುರುದೇವ ರಾನಡೆ (1886–1957). ಜಮಖಂಡಿಯಲ್ಲಿ ಹುಟ್ಟಿ, 1901ರಲ್ಲಿ ಭಾವೂಸಾಹೇಬರಿಂದ ನಾಮ ಪಡೆದು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕೊನೆಗೆ ನಿಂಬಾಳದ ಆಶ್ರಮದಲ್ಲಿ ನೆಲೆಸಿದ ಅವರು ಸಾಧಕರಿಗೆ ಕಾಣುವ ಬಣ್ಣ, ರೂಪ, ತೇಜಸ್ಸು, ಕೇಳುವ ನಾದ ಇವನ್ನೆಲ್ಲ ವಿಂಗಡಿಸಿ ಪರಿಶೀಲಿಸಿದರು. ಅಂಥ ಅನುಭವ ನಿಜವೋ ಭ್ರಮೆಯೋ ಎಂದು ತಿಳಿಯಲು ಒರೆಗಲ್ಲುಗಳೇನು ಎಂದು ಕೇಳಿದ್ದು ಅವರ ದೊಡ್ಡ ಕೊಡುಗೆ. ಇದೇ ಪರಂಪರೆಯ ಸಿದ್ಧರಾಮೇಶ್ವರ ಮಹಾರಾಜರು (1888–1936) ದೀರ್ಘ ಧ್ಯಾನದ ಇರುವೆಯ ಹಾದಿಗಿಂತ ವಿಚಾರದ ಹಕ್ಕಿಯ ಹಾದಿ ಬೇಗ ತಲುಪಿಸುತ್ತದೆ ಎಂದು ಬೋಧಿಸಿದರು. ಅವರ ಶಿಷ್ಯರೇ ಮುಂಬಯಿಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರು. ಅವರ ಸಂವಾದಗಳನ್ನು ಮೌರಿಸ್ ಫ್ರಿಡ್‌ಮನ್ 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಇಂಚಗೇರಿಯ ಬೋಧೆ ಯುರೋಪು, ಅಮೆರಿಕಗಳ ಓದುಗರನ್ನು ಮುಟ್ಟಿತು.

ಮಾಟ ಮಂತ್ರದ ಲೋಕ ಈ ಸೀಮೆಗೆ ಅಪರಿಚಿತವೇನೂ ಆಗಿರಲಿಲ್ಲ. ಗ್ರಹಣದ ಹೊತ್ತಿನಲ್ಲಿ ನೀರಲ್ಲಿ ನಿಂತು ಮಂತ್ರ ಸಿದ್ಧಿ ಮಾಡಿಕೊಳ್ಳುವುದು, ತಾಯತ ಕಟ್ಟುವುದು, ನಿಂಬೆಹಣ್ಣು ಮಂತ್ರಿಸಿ ಕೊಡುವುದು, ಭಾನಾಮತಿಯ ಭಯ ಎಲ್ಲವೂ ಇದ್ದವು. ಚಿಂಚಲಿ ಮಾಯಕ್ಕನ, ಕೋಕಟನೂರ ಯಲ್ಲಮ್ಮನ ಸನ್ನಿಧಿಗಳಲ್ಲಿ ದೇವರು ಮೈಮೇಲೆ ಬರುವುದು ಇದಕ್ಕಿಂತ ಬೇರೆಯ ಸಂಗತಿ. ಅಲ್ಲಿ ಮನಸ್ಸನ್ನು ಹಿಡಿತಕ್ಕೆ ತರುವ ಮಾತಿಲ್ಲ, ಅದನ್ನು ದೇವಿಗೆ ಬಿಟ್ಟುಕೊಡುವುದೇ ಭಕ್ತಿ. ಧ್ಯಾನ ಪರಂಪರೆಗಳು ಮಂತ್ರವಾದದಿಂದ ದೂರ ನಿಂತದ್ದಕ್ಕೆ ಶಾಸ್ತ್ರದ ಬಲವೂ ಇತ್ತು. ಶೂನ್ಯಸಂಪಾದನೆಯಲ್ಲಿ ಗೋರಕ್ಷ ತನ್ನ ವಜ್ರದೇಹವನ್ನು ಖಡ್ಗದಿಂದ ಹೊಡೆಸಿಕೊಂಡಾಗ ಖಣಿಲೆಂಬ ಸದ್ದು ಏಳುತ್ತದೆ. ಅಲ್ಲಮನ ಮೇಲೆ ಬೀಸಿದ ಖಡ್ಗ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಕಾಯಸಿದ್ಧಿಯನ್ನೇ ಸಾಧನೆ ಎಂದುಕೊಂಡವನಿಗೆ ಸಿಕ್ಕ ಉತ್ತರ ಅದು. ಮಂತ್ರವಾದದ ಹೆಸರಿನ ಹಿಂಸೆ, ಸುಲಿಗೆಗಳಿಗೆ ಕಾನೂನಿನ ತಡೆ ಬಂದದ್ದು ಬಹಳ ತಡವಾಗಿ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ರಾಜ್ಯದ 2017ರ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ.

ಬ್ರಿಟನ್ನಿನಲ್ಲಿ ಕಥೆ ಬೇರೆ ದಿಕ್ಕಿಗೆ ಹೊರಳಿತು. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘ ತನ್ನ ಸದಸ್ಯರಿಗೆ ಭಾರತದ ಪಂಚತತ್ತ್ವಗಳ ಚಿತ್ರಗಳನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಿತ್ತು: ಪೃಥ್ವಿಗೆ ಹಳದಿ ಚೌಕ, ಅಗ್ನಿಗೆ ಕೆಂಪು ತ್ರಿಕೋಣ, ವಾಯುವಿಗೆ ನೀಲಿ ವೃತ್ತ. ಚಿತ್ರವನ್ನು ದಿಟ್ಟಿಸಿ ನೋಡಿ, ಕಣ್ಣು ತೆಗೆದಾಗ ಮೂಡುವ ನೆರಳುಚಿತ್ರವನ್ನು ಬಾಗಿಲೆಂದು ಭಾವಿಸಿ ಒಳಹೊಗುವುದು ಆ ಅಭ್ಯಾಸ. ಈ ತತ್ತ್ವವಿಚಾರ ಅವರಿಗೆ ಥಿಯಾಸಫಿಕಲ್ ಸೊಸೈಟಿಯ ರಾಮಪ್ರಸಾದರ ಇಂಗ್ಲಿಷ್ ಪುಸ್ತಕದಿಂದ ಸಿಕ್ಕಿತ್ತು. 1892ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ತಂಗಿದ್ದ ಪರಿವ್ರಾಜಕ ವಿವೇಕಾನಂದರ 'ರಾಜಯೋಗ' 1896ರಲ್ಲಿ ಪ್ರಕಟವಾದಾಗ ಧಾರಣೆ, ಧ್ಯಾನಗಳ ಪರಿಚಯ ಅಲ್ಲಿ ಇನ್ನೂ ವ್ಯಾಪಕವಾಯಿತು. ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂಬ ಪತಂಜಲಿಯ ಎಚ್ಚರಿಕೆ ಅದರಲ್ಲಿದ್ದರೂ, ಮಾಂತ್ರಿಕ ಸಂಘಗಳು ತಮಗೆ ಬೇಕಾದ ಅಭ್ಯಾಸವನ್ನು ಎತ್ತಿಕೊಂಡು ಎಚ್ಚರಿಕೆಯನ್ನು ಪಕ್ಕಕ್ಕಿಟ್ಟವು.

ವಿಕ್ಕಾವನ್ನು ಬಹಿರಂಗಕ್ಕೆ ತಂದ ಜೆರಾಲ್ಡ್ ಗಾರ್ಡ್ನರ್ ಸಿಲೋನಿನ ಚಹಾ ತೋಟಗಳಲ್ಲಿ, ಮಲಯಾದ ಸುಂಕದ ಇಲಾಖೆಯಲ್ಲಿ ದುಡಿದು 1936ರಲ್ಲಿ ನಿವೃತ್ತನಾದವನು. 1735ರ ಮಾಟಗಾತಿ ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಈ ಪಂಥದ ಬಗೆಗಿನ ಅವನ ಪುಸ್ತಕ ಬಂತು. ಮಾಂತ್ರಿಕ ಶಕ್ತಿಯ ಎಂಟು ದಾರಿಗಳಲ್ಲಿ ಅವನು ಧ್ಯಾನ ಅಥವಾ ಏಕಾಗ್ರತೆಯನ್ನು ಹೆಸರಿಸಿದ. ಅಮೆರಿಕದ ಸ್ಟಾರ್‌ಹಾಕ್ 1979ರ ತನ್ನ ವಿಕ್ಕಾ ಪುಸ್ತಕದಲ್ಲಿ ಬೆನ್ನುಹುರಿ ಮರದ ಕಾಂಡವಾಗಿ, ಬೇರು ಭೂಮಿಗೆ ಇಳಿಯುವಂತೆ ಕಲ್ಪಿಸುವ ಅಭ್ಯಾಸವನ್ನು ಕಲಿಸಿದಳು. ಭೂಮಿ, ಜಲ, ಅಗ್ನಿ, ವಾಯುಗಳನ್ನೂ ಹೀಗೆಯೇ ಮನಸ್ಸಿನಲ್ಲಿ ತಂದುಕೊಳ್ಳುವ ವಿಕ್ಕಾದ ವಿಧಾನ ಜೈನ ಧಾರಣೆಗೆ ಹತ್ತಿರದ್ದು. ವ್ಯತ್ಯಾಸವಿರುವುದು ಕೊನೆಯ ಹೆಜ್ಜೆಯಲ್ಲಿ. ವಿಕ್ಕಾದ ಸಾಧಕ ಕಟ್ಟಿದ ಚಿತ್ರಕ್ಕೆ ಸಂಕಲ್ಪ ತುಂಬಿ ಆರೋಗ್ಯ, ಪ್ರೀತಿ, ರಕ್ಷಣೆಗಳಿಗಾಗಿ ಲೋಕಕ್ಕೆ ಕಳಿಸುತ್ತಾನೆ. ಜೈನ ಸಾಧಕ ಅದನ್ನು ಗಾಳಿಗೆ ತೂರಿ ಮಳೆಯಲ್ಲಿ ತೊಳೆದುಬಿಡುತ್ತಾನೆ. ಏಕಾಗ್ರತೆಯ ತರಬೇತಿಯಾಗಿ ಎರಡೂ ಗಂಭೀರವೇ. ಆದರೆ ಫಲದ ಲೆಕ್ಕ ಇಟ್ಟುಕೊಂಡು ಕೂತ ಮನಸ್ಸು ಆ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ ಎಂಬ ಕೃಷ್ಣಾ ದಂಡೆಯ ಗುರುಗಳ ತೀರ್ಮಾನ ಹೆಚ್ಚು ಆಳದ್ದು.

ಶಿವಯೋಗಮಂದಿರದಲ್ಲಿ ವಟುಗಳು ಇಂದಿಗೂ ಕಲಿಯುತ್ತಾರೆ, ಗಚ್ಚಿನ ಮಠಕ್ಕೆ ಭಕ್ತರು ಬರುತ್ತಾರೆ, ಇಂಚಗೇರಿಯಲ್ಲಿ ಸಪ್ತಾಹ ನಡೆಯುತ್ತದೆ, ಬಸದಿಗಳಲ್ಲಿ ಸಾಮಾಯಿಕಕ್ಕೆ ಕೂರುವವರಿದ್ದಾರೆ. ಗುರುಗಳ ಚರಿತ್ರೆ, ಪುರಾಣಗಳು ಸಾಕಷ್ಟು ಅಚ್ಚಾಗಿವೆ. ದಿನವೂ ಹೊಲಕ್ಕೆ ಹೋಗುವ ಮೊದಲು ಲಿಂಗ ಹಿಡಿದು ಕೂತವರು, ನೇಮ ತಪ್ಪದ ಅಜ್ಜಿಯಂದಿರು ಏನು ಕಲಿತರು, ಎಲ್ಲಿ ಎಡವಿದರು, ಯಾರಿಂದ ತಿದ್ದಿಸಿಕೊಂಡರು ಎಂಬ ಸಾಮಾನ್ಯ ಸಾಧಕರ ಮಾತುಗಳಿಗೂ ಅಂಥದೇ ಜಾಗ ಸಿಗಬೇಕು. ಅಥಣಿ, ಐಗಳಿ, ಸದಲಗಾ, ಉಮದಿಗಳ ಹಿರಿಯರು ಇರುವಾಗಲೇ ಅವರ ಬಾಯಿಂದ ಕೇಳಿ ಅದನ್ನು ಬರೆದಿಡುವ ಕೆಲಸವನ್ನು ಈ ಭಾಗದ ಮಠಗಳೂ ಕಾಲೇಜುಗಳೂ ಕೂಡಿ ಕೈಗೆತ್ತಿಕೊಳ್ಳಬೇಕು.