ಆನ್‌ಲೈನ್ ಪ್ರಚಾರದಲ್ಲಿ ಪ್ರಾಯೋಜಕತ್ವದ ಘೋಷಣೆ

ಹಣ, ಉಡುಗೊರೆ ಅಥವಾ ಬೇರಾವುದೇ ಪ್ರಯೋಜನ ಪಡೆದು ಅಂತರ್ಜಾಲದಲ್ಲಿ ಸರಕನ್ನೋ ಸೇವೆಯನ್ನೋ ಹೊಗಳುವವರು ಆ ನಂಟನ್ನು ನೋಡುಗರಿಗೆ ತಿಳಿಸಬೇಕೆಂಬ ನಿಯಮ ಹಾಗೂ ಅದರ ಪಾಲನೆ. ಜಾಹೀರಾತೆಂದು ಗೊತ್ತಿದ್ದರೆ ಗ್ರಾಹಕರು ಮಾತನ್ನು ತೂಗಿ ನೋಡುತ್ತಾರೆ. ಪರಿಚಿತರ ಸಲಹೆ ಎಂದುಕೊಂಡರೆ ತೂಗುವ ಗೋಜಿಗೇ ಹೋಗುವುದಿಲ್ಲ. ನಿಯಮದ ಬುನಾದಿ ಇಷ್ಟೇ. ನಂಟನ್ನು ಹೇಳಬೇಕೆಂಬುದು ಬೇಗನೆ ಇತ್ಯರ್ಥವಾಯಿತು. ಎಲ್ಲಿ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದರ ಜಗ್ಗಾಟ ಮಾತ್ರ ಇನ್ನೂ ನಡೆದಿದೆ.

ಈ ಚಿಂತನೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಅಂಚೆಯ ಅಗ್ಗದ ದರ ಪಡೆಯುವ ಪತ್ರಿಕೆಗಳು ಕಾಸು ಪಡೆದು ಅಚ್ಚುಹಾಕಿದ ಬರಹಕ್ಕೆ 'ಜಾಹೀರಾತು' ಎಂದು ಗುರುತು ಹಾಕಬೇಕೆಂಬ ಕಾನೂನನ್ನು ಅಮೆರಿಕ 1912ರಲ್ಲೇ ತಂದಿತು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊಡವೆ ಔಷಧವೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದ ಗಾಯಕ ಪ್ಯಾಟ್ ಬೂನ್ ಅವರನ್ನು 1978ರಲ್ಲಿ ಅಲ್ಲಿನ ವ್ಯಾಪಾರ ನಿಯಂತ್ರಕ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) ಹೊಣೆ ಮಾಡಿದ ಮೇಲೆ, ಹೊಗಳಿದವರೂ ಉತ್ತರ ಕೊಡಬೇಕಾಗುತ್ತದೆ ಎಂಬುದು ಸ್ಪಷ್ಟವಾಯಿತು. ಜನ ಸಹಜವಾಗಿ ಊಹಿಸಲಾಗದ ನಂಟನ್ನು ಹೇಳಲೇಬೇಕೆಂಬ ಸೂತ್ರವನ್ನು ಅದೇ ಸಂಸ್ಥೆಯ 1980ರ ಮಾರ್ಗಸೂಚಿ ಮುಂದಿಟ್ಟಿತು. ಮುಂದೆ ಎಫ್‌ಟಿಸಿಯ ಅಂತರ್ಜಾಲ ಪ್ರಚಾರದ ನಿಯಮಗಳು ಬೆಳೆದದ್ದು ಈ ಸೂತ್ರದಿಂದಲೇ.

ಆನ್‌ಲೈನ್‌ನಲ್ಲಿ ಮೊದಲು ಪ್ರಶ್ನೆಗೊಳಗಾದದ್ದು ಸರ್ಚ್ ಎಂಜಿನ್‌ಗಳು. ದುಡ್ಡು ಕೊಟ್ಟವರ ತಾಣಗಳನ್ನು ಉಳಿದ ಫಲಿತಾಂಶಗಳ ಜೊತೆ ಬೆರೆಸಿ ತೋರಿಸುತ್ತಿರುವ ಬಗ್ಗೆ 2001ರಲ್ಲಿ ದೂರು ಬಂತು. ಅವನ್ನು ಬೇರೆಯಾಗಿ ಕಾಣುವಂತೆ ತೋರಿಸಿ ಎಂದು ಎಫ್‌ಟಿಸಿ 2002ರ ಜೂನ್‌ನಲ್ಲಿ ಪತ್ರ ಬರೆಯಿತು.

2006 ನಿರ್ಣಾಯಕ ವರ್ಷ. ಬ್ಲಾಗಿನಲ್ಲಿ ಬರೆದದ್ದಕ್ಕೆ ಕಂಪನಿಗಳಿಂದ ಕಾಸು ಕೊಡಿಸುವ ಪೇ-ಪರ್-ಪೋಸ್ಟ್ ಎಂಬ ಸಂಸ್ಥೆ ಅಮೆರಿಕದಲ್ಲಿ ಶುರುವಾಯಿತು. ಕಾಸಿನ ವಿಷಯ ಹೇಳಲೇಬೇಕೆಂಬ ಷರತ್ತು ಅದರಲ್ಲಿ ಮೊದಲಿಗೆ ಇರಲಿಲ್ಲ. ಅದೇ ವರ್ಷ ಜೋಡಿಯೊಂದು ವಾಲ್‌ಮಾರ್ಟ್ ಮಳಿಗೆಗಳ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ತಂಗುತ್ತಾ ದೇಶ ಸುತ್ತಿ, ಅಲ್ಲಿನ ನೌಕರರ ನೆಮ್ಮದಿಯ ಕಥೆಗಳನ್ನು ಬ್ಲಾಗಿನಲ್ಲಿ ಬರೆಯಿತು. ಪ್ರಯಾಣದ ಖರ್ಚು ಬಂದದ್ದು ಕಂಪನಿಯ ಪರ ಕೆಲಸ ಮಾಡುವ ಬಳಗದಿಂದ, ಅದರ ಹಿಂದೆ ಇದ್ದದ್ದು ಎಡೆಲ್‌ಮನ್ ಎಂಬ ಪ್ರಚಾರ ಸಂಸ್ಥೆ ಎಂಬುದು ಬಯಲಾದಾಗ ಅದರ ಮುಖ್ಯಸ್ಥರು ಕ್ಷಮೆ ಕೇಳಿದರು. ಓದುಗರಿಗೆ ಆಗಿದ್ದು ಅನ್ಯಾಯವೇ: ಅವರು ನಂಬಿದ್ದು ಸರಕನ್ನಲ್ಲ, ಬರೆದ ಮನುಷ್ಯರನ್ನು. 2009ರ ತಿದ್ದುಪಡಿಯಲ್ಲಿ ಎಫ್‌ಟಿಸಿ ಬ್ಲಾಗ್ ಬರೆಯುವವರನ್ನೂ ತನ್ನ ಮಾರ್ಗಸೂಚಿಯ ಅಡಿಗೆ ತಂದಿತು.

ಇನ್‌ಸ್ಟಾಗ್ರಾಂ ಬಂದ ಮೇಲೆ ಘೋಷಣೆ ಎಲ್ಲಿರಬೇಕೆಂಬುದೇ ದೊಡ್ಡ ಪ್ರಶ್ನೆಯಾಯಿತು. ಲಾರ್ಡ್ ಆ್ಯಂಡ್ ಟೇಲರ್ ಮಳಿಗೆ 2015ರಲ್ಲಿ 50 ಮಂದಿ ಫ್ಯಾಷನ್ ಇನ್‌ಫ್ಲುಯೆನ್ಸರ್‌ಗಳಿಗೆ ಒಂದೇ ವಿನ್ಯಾಸದ ಉಡುಪು ಕೊಟ್ಟು, ಮೇಲೆ ತಲಾ 1,000ದಿಂದ 4,000 ಡಾಲರ್ ಕೊಟ್ಟಿತು. ಅವರೆಲ್ಲ ಒಂದೇ ವಾರಾಂತ್ಯದಲ್ಲಿ ಆ ಉಡುಪು ತೊಟ್ಟ ಚಿತ್ರ ಹಾಕಿದರು, ಉಡುಪು ಪೂರ್ತಿ ಮಾರಾಟವಾಯಿತು. ದುಡ್ಡು ಪಡೆದದ್ದನ್ನು ಹೇಳಬೇಕೆಂದು ಮಳಿಗೆ ಅವರಿಗೆ ಕಡ್ಡಾಯ ಮಾಡಿರಲಿಲ್ಲ. 2016ರಲ್ಲಿ ಎಫ್‌ಟಿಸಿಯೊಂದಿಗೆ ರಾಜಿಯಾಯಿತು. ಮರುವರ್ಷ ಎಫ್‌ಟಿಸಿ ಬರೆದ 90ಕ್ಕೂ ಹೆಚ್ಚು ಎಚ್ಚರಿಕೆಯ ಪತ್ರಗಳಲ್ಲಿ ಸೂಕ್ಷ್ಮ ಅಂಶವೊಂದಿತ್ತು: ಮೊಬೈಲಿನಲ್ಲಿ ಬರಹದ ಮೊದಲ ಮೂರು ಸಾಲಷ್ಟೇ ಕಾಣುತ್ತವೆ, ಹಾಗಾಗಿ ಹ್ಯಾಷ್‌ಟ್ಯಾಗ್‌ಗಳ ರಾಶಿಯ ಕೊನೆಯಲ್ಲಿ ಹುದುಗಿಸಿದ ಘೋಷಣೆ ಸಾಲದು. ಬ್ರಿಟನ್ನಿನ ಜಾಹೀರಾತು ನಿಯಂತ್ರಕ ಸಂಸ್ಥೆಯೂ 2014ರ ಓರಿಯೋ ಬಿಸ್ಕತ್ ಪ್ರಕರಣದಲ್ಲಿ, ವಿಡಿಯೊ ತೆರೆಯುವ ಮುನ್ನವೇ ಅದು ಜಾಹೀರಾತೆಂದು ತಿಳಿಯಬೇಕು ಎಂದಿತ್ತು. ಗುರುತು ಹಾಕಿದರೂ ಸಾಲದ ಸಂದರ್ಭಗಳುಂಟು. ಕ್ರಿಪ್ಟೊ ಟೋಕನ್ ಒಂದರ ಪ್ರಚಾರಕ್ಕೆ 2.5 ಲಕ್ಷ ಡಾಲರ್ ಪಡೆದ ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ತಮ್ಮ ಪೋಸ್ಟಿನಲ್ಲಿ ಜಾಹೀರಾತಿನ ಹ್ಯಾಷ್‌ಟ್ಯಾಗ್ ಹಾಕಿದ್ದರು. ಸಂಭಾವನೆಯ ಮೊತ್ತ ತಿಳಿಸಲಿಲ್ಲವೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ಪ್ರಕರಣ ಹೂಡಿದರು. 2022ರಲ್ಲಿ ಕರ್ದಾಶಿಯನ್ 12.6 ಲಕ್ಷ ಡಾಲರ್ ತೆರಲು ಒಪ್ಪಿದರು.

ಭಾರತದಲ್ಲಿ 1985ರಿಂದ ಇರುವ ಆಸ್ಕಿ (ಭಾರತೀಯ ಜಾಹೀರಾತು ಮಾನದಂಡ ಮಂಡಳಿ) ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ. ಅದರ ಇನ್‌ಫ್ಲುಯೆನ್ಸರ್ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಗೆ ಬಂತು. ಅದು ಸೆಕೆಂಡುಗಳ ಲೆಕ್ಕವನ್ನೂ ಕೊಟ್ಟಿತು: 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಗುರುತು ಕನಿಷ್ಠ 3 ಸೆಕೆಂಡು ಇರಬೇಕು, 2 ನಿಮಿಷದೊಳಗಿನದರಲ್ಲಿ ಒಟ್ಟು ಅವಧಿಯ ಮೂರನೇ ಒಂದು ಭಾಗ, ಅದಕ್ಕೂ ಉದ್ದದ್ದಾದರೆ ಸರಕಿನ ಪ್ರಸ್ತಾಪ ಇರುವಷ್ಟು ಹೊತ್ತೂ. ಕಾನೂನಿನ ಬಲ ಬಂದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. ಅದರಡಿ ಸ್ಥಾಪನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದವರನ್ನು ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಪ್ರಚಾರದಿಂದ ದೂರ ಇಡಬಹುದು. ಹಣ ಕೊಟ್ಟು ಬರೆಸುವ ವಿಮರ್ಶೆಗಳ ಕಾಟ ತಡೆಯಲು 2022ರಲ್ಲಿ ಐಎಸ್ 19000 ಎಂಬ ಮಾನಕವೂ ಬಂತು, ಆದರೆ ಅದರ ಪಾಲನೆ ಆರಂಭದಲ್ಲಿ ಐಚ್ಛಿಕವಾಗಿತ್ತು. ಆನ್‌ಲೈನಿನಲ್ಲಿ ಕೊಳ್ಳುವವರು ಮೊದಲು ನೋಡುವುದು ವಿಮರ್ಶೆಯನ್ನೇ ಆದ್ದರಿಂದ ಅದು ದೊಡ್ಡ ಕೊರತೆಯಾಗಿತ್ತು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರತಂದ ಮಾರ್ಗದರ್ಶಿ ಕನ್ನಡದ ನೋಡುಗರಿಗೆ ಹೆಚ್ಚು ಮುಖ್ಯ. ಹಣವಷ್ಟೇ ಅಲ್ಲ, ಉಚಿತ ಸರಕು, ಹೋಟೆಲ್ ವಾಸ, ಪ್ರವಾಸ, ಕುಟುಂಬದ ಸಂಬಂಧ, ಉದ್ಯೋಗ ಎಲ್ಲವನ್ನೂ ಅದು ನಂಟೆಂದು ಪರಿಗಣಿಸುತ್ತದೆ. ಪ್ರಚಾರ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ. ಅಡುಗೆ, ಬೇಸಾಯ, ಸೀರೆ, ಸಾಲದ ಆ್ಯಪ್‌ಗಳ ಬಗ್ಗೆ ಕನ್ನಡದಲ್ಲಿ ಮಾತಾಡಿ, ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಪೇಯ್ಡ್ ಪಾರ್ಟ್‌ನರ್‌ಶಿಪ್' ಎಂದು ಹಾಕಿ ಕೈತೊಳೆದುಕೊಂಡರೆ ಈ ನಿಯಮ ಪಾಲಿಸಿದಂತಾಗುವುದಿಲ್ಲ. ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆದರಷ್ಟೇ ಸಾಲದು. ದೃಶ್ಯದಲ್ಲೂ ಇರಬೇಕು, ಬಾಯಿಬಿಟ್ಟು ಹೇಳಲೂ ಬೇಕು. ಓದು ಬಾರದೆ ಮೊಬೈಲಿನಲ್ಲಿ ವಿಡಿಯೊ ಕೇಳಿಯೇ ಕೊಳ್ಳುವ ತೀರ್ಮಾನ ಮಾಡುವವರಿಗೆ ಘೋಷಣೆ ತಲುಪುವುದು ಈ ಕೊನೆಯ ಷರತ್ತಿನಿಂದ ಮಾತ್ರ.