ಅಂಕವೂ ಸ್ಥಾನವೂ

ವಿದ್ಯಾರ್ಥಿಯನ್ನು ಪರೀಕ್ಷಿಸಿ ಕಾಲೇಜಿನೊಳಕ್ಕೆ ಬಿಡುವ ಪದ್ಧತಿಯು ನಮ್ಮ ಜಿಲ್ಲೆಗೆ ಹೊಸತಲ್ಲ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್ ಎಂಬುದು ವಸ್ತುತಃ ಪ್ರವೇಶಪರೀಕ್ಷೆಯೇ. 1868ರಲ್ಲಿ ಶಾಲೆಯಾಗಿ ಹುಟ್ಟಿ ಬೆಳೆದ ಮಂಗಳೂರಿನ ಸರಕಾರಿ ಕಾಲೇಜಾಗಲಿ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಾಗಲಿ ಆ ವಿಶ್ವವಿದ್ಯಾನಿಲಯದ ಛತ್ರದಡಿಯಲ್ಲಿಯೇ ನಡೆದವು. ಆ ಪರೀಕ್ಷೆಯು ಕೇಳುತ್ತಿದ್ದುದು ಇಷ್ಟೇ: ಇವನು ಮುಂದಿನ ಪಾಠಕ್ಕೆ ಅಧಿಕಾರಿಯೋ, ಅಲ್ಲವೋ? ಪೂರ್ವದ ಶಲಾಕಾಪರೀಕ್ಷೆಯ ಭಾವವೂ ಇದೇ. ಗ್ರಂಥದ ನಡುವೆ ಶಲಾಕೆಯನ್ನು ತೂರಿಸಿ, ದೊರೆತ ಪತ್ರವನ್ನು ವ್ಯಾಖ್ಯಾನಿಸೆಂದರೆ, ಶಿಷ್ಯನ ಯೋಗ್ಯತೆ ತಿಳಿಯುತ್ತಿತ್ತು. ನೆರೆಯವನ ಯೋಗ್ಯತೆಯೊಡನೆ ಅದನ್ನು ತೂಗಬೇಕಾಗಿರಲಿಲ್ಲ.

ಕಾಲವು ತಿರುಗಿತು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜೂ 1960ರಲ್ಲಿ ಸುರತ್ಕಲಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಉದಯಿಸಿದವು. ಸೀಟುಗಳು ಕೆಲವು, ಆಕಾಂಕ್ಷಿಗಳು ಬಹಳ. ಪ್ರವೇಶಕ್ಕಾಗಿ ಹಣ ಪಡೆಯುವ ಕ್ರಮವನ್ನು ನಿಷೇಧಿಸಲು 1984ರಲ್ಲಿ ಕರ್ನಾಟಕದಲ್ಲಿ ಕಾಯಿದೆಯಾಯಿತು. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷವೇ ರಾಜ್ಯದಲ್ಲಿ ಸಾಮಾನ್ಯ ಪ್ರವೇಶಪರೀಕ್ಷೆ, ಅಂದರೆ ಸಿ.ಇ.ಟಿ., ಮೊದಲಾಯಿತು. ಅಂದಿನಿಂದ ಪ್ರಶ್ನೆಯೇ ಬೇರೆ: ಇವನು ಅರ್ಹನೋ ಎಂಬುದಲ್ಲ, ಇವನು ಎಷ್ಟು ಮಂದಿಯ ಮುಂದಿದ್ದಾನೆ ಎಂಬುದು.

ಈ ಭೇದವನ್ನರಿಯದೆ ತಾಯಿತಂದೆಗಳು ವೃಥಾ ಹಿಗ್ಗುವುದೂ ಕುಗ್ಗುವುದೂ ಉಂಟು. ಸುರತ್ಕಲಿನ ಸಂಸ್ಥೆಗೆ ಪ್ರವೇಶ ದೊರಕಿಸುವ ಜೆ.ಇ.ಇ. ಮೈನ್ ಪರೀಕ್ಷೆಯು 2019ರಿಂದ ಪರ್ಸೆಂಟೈಲನ್ನು ಕೊಡುತ್ತದೆ. ತೊಂಬತ್ತು ಪರ್ಸೆಂಟೈಲೆಂದರೆ ನೂರಕ್ಕೆ ತೊಂಬತ್ತು ಅಂಕವಲ್ಲ. ಅದೇ ಪಾಳಿಯಲ್ಲಿ ಬರೆದ ನೂರರಲ್ಲಿ ತೊಂಬತ್ತು ಮಂದಿ ಇವನಷ್ಟು ಅಥವಾ ಇವನಿಗಿಂತ ಕಡಿಮೆ ಪಡೆದರೆಂದರ್ಥ. ಪ್ರಶ್ನೆಪತ್ರಿಕೆಯು ಕಠಿನವಾದರೆ ಅಲ್ಪ ಅಂಕಕ್ಕೂ ಉನ್ನತ ಸ್ಥಾನ ಸಿಕ್ಕೀತು.

ಇದಕ್ಕೆ 2022ರ ವಿವಾದವೇ ನಿದರ್ಶನ. ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ಸ್ಥಾನಕ್ಕೆ ಪಿ.ಯು. ಅಂಕ ಅರ್ಧ, ಪ್ರವೇಶಪರೀಕ್ಷೆಯ ಅಂಕ ಅರ್ಧ. ಕೋವಿಡ್ ವ್ಯಾಧಿಯ ನಿಮಿತ್ತ 2021ರ ದ್ವಿತೀಯ ಪಿ.ಯು. ಪರೀಕ್ಷೆ ನಡೆಯದೆ, ಹಿಂದಿನ ತರಗತಿಗಳ ಆಧಾರದಿಂದ ಅಂಕಗಳು ಕೊಡಲ್ಪಟ್ಟಿದ್ದವು. ಆ ವರ್ಷದವರು ಮರುವರ್ಷ ಪುನಃ ಸಿ.ಇ.ಟಿ. ಬರೆದಾಗ ಪ್ರಾಧಿಕಾರವು ಅವರ ಪಿ.ಯು. ಅಂಕಗಳನ್ನು ಕೈಬಿಟ್ಟಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠವು ಅವನ್ನೂ ಗಣಿಸಬೇಕೆಂದಿತು. ಗಣಿಸಿದರೆ ಹೊಸಬರು ಹಿಂದೆ ಬೀಳುವರು, ಬಿಟ್ಟರೆ ಹಳಬರಿಗೆ ಅನ್ಯಾಯ. ಕಡೆಗೆ ಹಳಬರ ಪಿ.ಯು. ಅಂಕಗಳಲ್ಲಿ ನೂರಕ್ಕೆ ಸರಾಸರಿ 6ರಂತೆ ಕಳೆದು ಪಟ್ಟಿಯನ್ನು ಸಿದ್ಧಪಡಿಸುವ ಸೂತ್ರವನ್ನು ವಿಭಾಗೀಯ ಪೀಠವು ಅಂಗೀಕರಿಸಿತು. ಅಂಕವು ಚಿನ್ನದ ತೂಕದಂತೆ ಸ್ಥಿರವೆಂದು ತಿಳಿದವರಿಗೆ, ತಕ್ಕಡಿ ಬದಲಾದರೆ ತೂಕವೂ ಬದಲುವುದೆಂದು ಅಂದು ಮನವರಿಕೆಯಾಯಿತು.

ಆದ್ದರಿಂದ ವಾಚಕರು ತಮ್ಮ ಮಕ್ಕಳ ಅಂಕವನ್ನು ಕಳೆದ ವರ್ಷದ ಅಂಕದೊಡನೆ ಹೋಲಿಸದೆ, ಅಪೇಕ್ಷಿತ ಕಾಲೇಜಿನಲ್ಲಿ ಅದೇ ವರ್ಗಕ್ಕೆ ಹಿಂದೆ ಕೊನೆಯ ಸೀಟು ಯಾವ ಸ್ಥಾನಕ್ಕೆ ದೊರೆಯಿತೆಂಬುದನ್ನು ನೋಡುವುದೊಳ್ಳಿತು. ಸ್ಥಾನವು ಸರತಿಯನ್ನು ಹೇಳುತ್ತದೆ, ವಿದ್ಯೆಯನ್ನಲ್ಲ. ಸರತಿಯಲ್ಲಿ ಹಿಂದೆ ನಿಂತವನು ಅನರ್ಹನೆಂದು ಯಾವ ಪಟ್ಟಿಯೂ ಸಾರಿಲ್ಲ. ಹಾಗೆ ಓದಿಕೊಳ್ಳುವವರು ನಾವೇ.