ಫ್ಲಾಪಿ ಒಂದೇ, ಅಳತೆ ಬೇರೆ

ಕಂಪ್ಯೂಟರಲ್ಲಿ ಬರೆದದ್ದನ್ನ ಉಳಿಸೋಕೆ ಒತ್ತೋ ಕಡೆ ಒಂದು ಚೌಕದ ಚಿತ್ರ ಇರ್ತೈತಲ್ಲ, ಅದೇ ಫ್ಲಾಪಿ ಕಣ್ರೇ. 1971ರಲ್ಲಿ ಐಬಿಎಂನೋರು ತಂದಿದ್ದು 8 ಇಂಚಿಂದು, ತಿಂಡಿ ತಟ್ಟೆಯಷ್ಟು ಅಗಲ. 1976ರಲ್ಲಿ ಐದೂಕಾಲು ಇಂಚಿಂದು ಬಂತು. ನಾನು ಹೇಳ್ತಿರೋದು ಅದರ ಕಥೆ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕೊಡೋಕೆ ಕೇಂದ್ರ ಸರ್ಕಾರ 1984ರಲ್ಲಿ 'ಕ್ಲಾಸ್' ಅನ್ನೋ ಯೋಜನೆ ಶುರುಮಾಡ್ತು. ಮೊದಲು ಸುಮಾರು 250 ಶಾಲೆ. ಕೊಟ್ಟಿದ್ದು ಇಂಗ್ಲೆಂಡಿನ ಅಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಮುರುಗಮಲ್ಲದಲ್ಲಿ ನಾವು ಆಗ ಟೀವಿ ನೋಡೋಕೇ ಇನ್ನೊಬ್ಬರ ಮನೆ ಹೊಸ್ತಿಲಲ್ಲಿ ಕೂರ್ತಿದ್ವಿ. ಬೆಂಗಳೂರಲ್ಲಿ ಟೀಚರ್ ಆಗಿದ್ದ ನಮ್ಮ ಅತ್ತಿಗೆಗೆ ಆ ಕಂಪ್ಯೂಟರ್ ಕೈಗೆ ಸಿಕ್ತು.

ಅದರಲ್ಲಿ ಕನ್ನಡ ಇರ್ಲಿಲ್ಲ. ಆದ್ರೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ ಇಟ್ಟು ಬೇಕಾದ ಅಕ್ಷರ ನಾವೇ ಮಾಡ್ಕಬೋದಿತ್ತು. ಚುಕ್ಕಿ ರಂಗೋಲಿ ಬಲ್ಲೋರಿಗೆ ಅದೇನು ಮಹಾ! ಅತ್ತಿಗೆ ಲೆಕ್ಕದ ಪುಸ್ತಕದ ಚೌಕದ ಹಾಳೇಲಿ ಅಕ್ಷರ ಬರೆದು, ಮಗ್ಗಿ, ಕಾಗುಣಿತದ ಆಟ ಎಲ್ಲಾ ಮಾಡಿ ಆರು ಫ್ಲಾಪಿ ತುಂಬಿಸಿದ್ರು. 'ಝ', 'ಋ' ಮಾತ್ರ ಒಂದು ಮನೇಲಿ ಹಿಡೀದೆ ಎರಡು ಮನೆ ತಗೊಂಡ್ವಂತೆ.

ಆಮೇಲೆ ಪೀಸಿ ಬಂತು. ಅದಕ್ಕೂ ಐದೂಕಾಲು ಇಂಚಿಂದೇ. ಫ್ಲಾಪಿ ಒಳಗೆ ಸರಿಯಾಗೇ ಕೂರ್ತಿತ್ತು, ಓದ್ತಿರ್ಲಿಲ್ಲ. ಯಾಕೆ ಅಂದ್ರೆ, ಫ್ಲಾಪಿ ಮೇಲೆ ಬಳೆಬಳೆಯಾಗಿ ಸುತ್ತುಗಳಿರ್ತವೆ. ಬಿಬಿಸಿ ಒಂದು ಸುತ್ತಿಗೆ 10 ತುಂಡು ಮಾಡಿ ತುಂಡಿಗೆ 256 ಅಕ್ಷರ ಇಡ್ತಿತ್ತು. ಪೀಸಿ 9 ತುಂಡು, ತುಂಡಿಗೆ 512. ಒಬ್ಬರು ಪಾವಲ್ಲಿ ಅಳೆದಿಟ್ಟ ರಾಗೀನ ಇನ್ನೊಬ್ಬರು ಸೇರಿನ ಲೆಕ್ಕದಲ್ಲಿ ಎಣಿಸಿದಂಗೆ. ಅಷ್ಟೇ ಆಗಿದ್ರೆ ಹೆಂಗೋ ಸರಿಮಾಡ್ಬೋದಿತ್ತು. ಅಯಸ್ಕಾಂತದ ಗುರುತು ಹಾಕೋ ರೀತೀನೇ ಬೇರೆ, ಬಿಬಿಸೀದು ವಿರಳ, ಪೀಸೀದು ಒತ್ತು. ಕಾಮಡೋರ್ 64 ಅಂತೂ ಹೊರಸುತ್ತಿಗೆ 21 ತುಂಡು, ಒಳಸುತ್ತಿಗೆ 17. ಅದೇನೋ ನ್ಯಾಯವೇ, ಚಕ್ಕುಲಿ ಸುತ್ತೋವಾಗ ನೋಡಿಲ್ವಾ, ಹೊರಗಿನ ಸುತ್ತು ಉದ್ದ. ಆದ್ರೂ ಕಂಪನಿಗಳೋರೆಲ್ಲ ಕೂತು ಒಂದೇ ಅಳತೆ ಮಾಡ್ಕಂಡಿದ್ರೆ ಗಂಟೇನು ಹೋಗ್ತಿತ್ತು ಅಂತ ನನಗೆ ಸಿಟ್ಟು.

ಉಳಿದಿದ್ದು ಒಂದೇ ದಾರಿ. ಎರಡೂ ಕಂಪ್ಯೂಟರ್ ಪಕ್ಕಪಕ್ಕ ಇಟ್ಟು, ಹಿಂದುಗಡೆ ಸೀರಿಯಲ್ ಕೇಬಲ್ ಹಾಕಿ, ಇದು ಹೇಳ್ತಾ ಹೋಗೋದು, ಅದು ಬರ್ಕಂತಾ ಹೋಗೋದು. ವೇಗ ಎರಡಕ್ಕೂ ಒಂದೇ ಇರ್ಬೇಕು. 9600 ಅಂತ ಇಟ್ರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಆದ್ರೆ ಹಳೇದು ಜೀವಂತ ಇರ್ಬೇಕಲ್ಲ? ಅತ್ತಿಗೆ ರಿಟೈರ್ ಆಗೋ ಹೊತ್ತಿಗೆ ಶಾಲೆಯವು ಗುಜರಿಗೆ ಹೋಗಿದ್ವು.

ಹೋದ ವರ್ಷ ಅವರ ಮಗನಿಗೆ ಹಳೇ ಕಂಪ್ಯೂಟರ್ ಕೂಡಿಡೋ ಒಬ್ಬರ ಹತ್ರ ಕೆಲಸ ಮಾಡೋ ಬಿಬಿಸಿ ಸಿಕ್ತು. ಆರರಲ್ಲಿ ನಾಲ್ಕು ಬಂದ್ವು. ಮಗ್ಗಿ ಲ್ಯಾಪ್‌ಟಾಪಲ್ಲಿ ಕಂಡಾಗ ಅತ್ತಿಗೆ ಮೊದಲು ನೋಡಿದ್ದು 'ಝ' ಸರಿಯಾಗಿ ಐತಾ ಅಂತ. ಕಾಗುಣಿತದ ಎರಡು ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ಓದೋ ಸೂಜಿಮೊನೆ ಕೆಡ್ತದೆ ಅಂತ ಆ ಪುಣ್ಯಾತ್ಮರು ಒಳಗೆ ಹಾಕಲಿಲ್ಲ. ಚೌಕದ ಹಾಳೆಗಳು ಮಾತ್ರ ಅಟ್ಟದ ಮೇಲೆ ಹಂಗೇ ಅವೆ. ಈಗ ಅವನ್ನ ನೋಡಿ ಮೊಮ್ಮಗಳು ಒಂದೊಂದೇ ಚುಕ್ಕಿ ಮತ್ತೆ ಹಾಕ್ತಾ ಅವಳೆ, 'ಕೈ'ವರೆಗೂ ಬಂದೈತೆ.